ಯಾವ ಆಯ್ತು?

ಕನ್ನಡದಲ್ಲಿ ‘ಆಯ್ತು’ ಎಂಬಷ್ಟು ಉಪಕಾರಿ ಪದ ಇನ್ನೊಂದಿಲ್ಲ. ಕೆಲಸ ಮುಗಿಯಿತು ಎನ್ನಲು ಆಯ್ತು. ಮಾಡುತ್ತೇನೆ ಎಂದು ಒಪ್ಪಿಕೊಳ್ಳಲು ಆಯ್ತು. ನೀವು ಹೇಳಿದ್ದು ಕಿವಿಗೆ ಬಿತ್ತು, ಇನ್ನು ಸಾಕು ಮಾಡಿ ಎನ್ನಲೂ ಆಯ್ತು. ವಾದ ಬೇಡವೆಂದು ಕೈಚೆಲ್ಲುವಾಗ ಆಯ್ತು ಬಿಡಿ. ಮನೆಯಲ್ಲಾದರೆ ದನಿಯ ಏರಿಳಿತದಲ್ಲೇ ಇದು ಯಾವ ಆಯ್ತು ಎಂದು ತಿಳಿದುಬಿಡುತ್ತದೆ. ಕಚೇರಿಯಲ್ಲಿ, ಅದರಲ್ಲೂ ಲ್ಯಾಪ್‌ಟಾಪ್ ಪರದೆಯ ಪುಟ್ಟ ಚೌಕಗಳಲ್ಲಿ ಒಂಬತ್ತು ಮುಖಗಳು ಕಾಣುವ ಮೀಟಿಂಗಿನಲ್ಲಿ, ತಿಳಿಯುವುದಿಲ್ಲ.

ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುತ್ತ ಹದಿನೇಳು ವರ್ಷವಾಯಿತು. ಅದರಲ್ಲಿ ಒಂಬತ್ತು ವರ್ಷ ತಂಡಗಳನ್ನು ನಡೆಸಿದ್ದೇನೆ. ಹುದ್ದೆಯ ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗಿದೆ: ಟೀಮ್ ಲೀಡ್, ಸ್ಕ್ರಮ್ ಮಾಸ್ಟರ್, ಡೆಲಿವರಿ ಮ್ಯಾನೇಜರ್. ಕೆಲಸ ಮಾತ್ರ ಒಂದೇ. ಯಾರು ಹೇಳಿದ ಆಯ್ತು ಯಾವ ಜಾತಿಯದು ಎಂದು ಕಂಡುಹಿಡಿಯುವುದು, ಆದಷ್ಟು ಬೇಗ ಕಂಡುಹಿಡಿಯುವುದು.

ಒಂದು ಪ್ರಾಜೆಕ್ಟ್ ಆರು ತಿಂಗಳು ತಡವಾಯಿತು ಎಂದರೆ ಹೊರಗಿನವರಿಗೆ ಏನೋ ದೊಡ್ಡ ಅನಾಹುತ ನಡೆದಿರಬೇಕು ಅನಿಸುತ್ತದೆ. ಹಾಗೇನೂ ನಡೆದಿರುವುದಿಲ್ಲ. ಐಬಿಎಂನಲ್ಲಿ ದೊಡ್ಡ ಯೋಜನೆ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ವಿವರಿಸುತ್ತಾರೆ: ತಡ ಎನ್ನುವುದು ದಿನಕ್ಕಿಷ್ಟು, ದಿನಕ್ಕಿಷ್ಟು ಎಂದು ಸೇರುತ್ತ ಹೋಗುವಂಥದ್ದು. ಒಬ್ಬರ ಅರ್ಧ ದಿನ, ಇನ್ನೊಬ್ಬರ ಒಂದು ದಿನ, ಮತ್ತೊಬ್ಬರು ಹೇಳಲು ಸಂಕೋಚಪಟ್ಟ ಮೂರು ದಿನ. ಗೆದ್ದಲು ಹಿಡಿದ ಬಾಗಿಲಿನಂತೆ, ಒತ್ತಿ ನೋಡುವವರೆಗೆ ಬಾಗಿಲು ಬಾಗಿಲಿನ ಹಾಗೆಯೇ ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ನನಗೆ ಒಂದು ತಂಡ ಸಿಕ್ಕಿತು. ಔಷಧದಂಗಡಿಗಳ ಒಂದು ಸರಪಳಿಗೆ ಬಿಲ್ಲಿಂಗ್ ಮತ್ತು ದಾಸ್ತಾನಿನ ಸಾಫ್ಟ್‌ವೇರ್ ಮಾಡುವ ಕೆಲಸ. 31 ಅಂಗಡಿಗಳು. ನಾನು ಬರುವ ಹೊತ್ತಿಗೆ ಕೆಲಸ ಶುರುವಾಗಿ ಐದು ತಿಂಗಳಾಗಿತ್ತು. ತಂಡದಲ್ಲಿ ಒಂಬತ್ತು ಜನ. ಏಪ್ರಿಲ್ 1ಕ್ಕೆ, ಹೊಸ ಹಣಕಾಸು ವರ್ಷದ ಮೊದಲ ದಿನ, ಎಲ್ಲ ಅಂಗಡಿಗಳಲ್ಲೂ ಹೊಸ ಬಿಲ್ಲು ಬರಬೇಕೆಂದು ಒಪ್ಪಂದ. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ತಮ್ಮ ತಮ್ಮ ಕೆಲಸದ ಸ್ಥಿತಿ ಹೇಳುತ್ತಿದ್ದರು. ಎಲ್ಲವೂ ಸರಿಯಾಗಿದೆ ಎಂದೇ ಕೇಳಿಸುತ್ತಿತ್ತು.

ತಂಡದಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗಿ ಇದ್ದಳು. ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಔಷಧ ವಾಪಸಾತಿಯ ಭಾಗ ಅವಳದು. ನಾಲ್ಕು ದಿನ ಸತತವಾಗಿ ಅವಳು ಹೇಳಿದ್ದು ಒಂದೇ: “ಬಹುತೇಕ ಆತ್ರಿ ಮೇಡಂ.” ಐದನೆಯ ದಿನ ನಾನು ಅವಳನ್ನು ಚಹಾಕ್ಕೆ ಕರೆದುಕೊಂಡು ಹೋದೆ. ಕಂಪನಿಯ ಗೇಟಿನಾಚೆಯ ಗೂಡಂಗಡಿ. ಅಲ್ಲಿ ‘ಮೇಡಂ’ ಹೋಗಿ ‘ಅಕ್ಕಾ’ ಆಯಿತು.

“ಅಕ್ಕಾ, ಹತ್ತು ಗುಳಿಗಿ ಇರೋ ಸ್ಟ್ರಿಪ್ ಒಯ್ದವ್ರು ನಾಕು ಗುಳಿಗಿ ವಾಪಸ್ ತಂದ್ರ ಅದನ್ನ ಯಾವ ಲೆಕ್ಕಕ್ಕ ಹಚ್ಚಬೇಕ್ರಿ? ಯಾವ ಬ್ಯಾಚು? ಮತ್ತ ಮಾರಾಟಕ್ಕ ಇಡಬೇಕೋ ಬ್ಯಾಡೋ? ಒಂದು ಕಡೆ ಬರದಿಲ್ಲ.”

“ಯಾರನ್ನಾದರೂ ಕೇಳಿದೆಯಾ?”

“ಕೇಳಿದ್ರ ಇಷ್ಟೂ ತಿಳಿಯೂದಿಲ್ಲೇನು ಅಂತಾರ್ರಿ.”

ಅವಳು ಕೇಳಿದ ಪ್ರಶ್ನೆಗೆ ನಮ್ಮ ಕಚೇರಿಯಲ್ಲಿ ಯಾರಲ್ಲೂ ಉತ್ತರವಿರಲಿಲ್ಲ. ಅದನ್ನು ತೀರ್ಮಾನಿಸಬೇಕಾದವರು ಅಂಗಡಿಯವರು. ಅಂದರೆ ಕೇಳಲೇಬೇಕಾದ ಪ್ರಶ್ನೆಯೊಂದನ್ನು ತಂಡದಲ್ಲಿ ಒಬ್ಬಳೇ ಕಂಡುಕೊಂಡಿದ್ದಳು, ಅದನ್ನು ತನ್ನ ದಡ್ಡತನವೆಂದು ಬಚ್ಚಿಟ್ಟುಕೊಂಡಿದ್ದಳು. ರಾತ್ರಿ ಪಿಜಿಯಲ್ಲಿ ಕೂತು ಒಂದು ಗಂಟೆಯವರೆಗೆ ಕೋಡು ಬರೆದು ಅಳಿಸುತ್ತಿದ್ದಳಂತೆ. ಊರಿಗೆ ವಾಪಸ್ ಹೋಗಿ ಬಿ.ಎಡ್ ಮಾಡುವ ಯೋಚನೆ ಇದೆ ಎಂದಳು.

ಅಗೈಲ್ ಎಂಬ ಹೆಸರಿನಲ್ಲಿ ಬರುವ ಪದ್ಧತಿಗಳ ಬಗ್ಗೆ ಓದಿದ್ದೆಲ್ಲ ನನಗೆ ಅರ್ಥ ಕೊಡಲಾರಂಭಿಸಿದ್ದು ಇಂಥ ಮಾತುಗಳಿಂದ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಸ್ಕೀಯಿಂಗ್ ತಾಣದಲ್ಲಿ ಸಾಫ್ಟ್‌ವೇರ್ ಬಲ್ಲ 17 ಮಂದಿ ಸೇರಿ ಒಂದು ಪುಟ್ಟ ಪ್ರಣಾಳಿಕೆ ಬರೆದರು. ಪ್ರಕ್ರಿಯೆಗಿಂತ ಮನುಷ್ಯರಿಗೆ ಹೆಚ್ಚು ಬೆಲೆ ಕೊಡಬೇಕು, ದಪ್ಪ ದಾಖಲೆಗಿಂತ ಓಡುವ ಸಾಫ್ಟ್‌ವೇರಿಗೆ, ಒಪ್ಪಂದದ ಚೌಕಾಶಿಗಿಂತ ಗಿರಾಕಿಯ ಜೊತೆ ಕೂತು ಮಾಡುವುದಕ್ಕೆ, ಹಾಕಿಕೊಂಡ ಯೋಜನೆಗಿಂತ ಬದಲಾವಣೆಗೆ ಓಗೊಡುವುದಕ್ಕೆ ಎಂಬುದು ಅದರ ಸಾರ. ಇವತ್ತು ಅದರ ಸುತ್ತ ಸರ್ಟಿಫಿಕೇಟುಗಳ ದೊಡ್ಡ ಸಂತೆಯೇ ಇದೆ. ಸಂತೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಅದರ ಒಂದೊಂದು ರೂಢಿಯೂ ‘ಇನ್ನೂ ಆಗಿಲ್ಲ’, ‘ನನಗೆ ಗೊತ್ತಾಗುತ್ತಿಲ್ಲ’ ಎಂಬ ಮಾತನ್ನು ಬೇಗ ಮತ್ತು ಭಯವಿಲ್ಲದೆ ಹೇಳಲು ಮಾಡಿದ ಏರ್ಪಾಡು ಎಂದು ನನಗನಿಸುತ್ತದೆ. ಅದಕ್ಕೆ ಬಳಸಿದರೆ ಉಪಯೋಗಕ್ಕೆ ಬರುತ್ತವೆ. ಜನರನ್ನು ಕಾಯಲು ಬಳಸಿದರೆ ಅವೇ ರೂಢಿಗಳು ಸುಳ್ಳು ಹೇಳುವುದನ್ನು ಕಲಿಸುತ್ತವೆ.

ನಾವು ಮೊದಲು ಮಾಡಿದ್ದು ‘ಆಯ್ತು’ ಎಂಬ ಒಂದು ಪದವನ್ನು ನಾಲ್ಕಾಗಿ ಒಡೆದದ್ದು. ಸ್ಕ್ರಮ್ ಪದ್ಧತಿಯಲ್ಲಿ ಇದಕ್ಕೆ ಡೆಫಿನಿಷನ್ ಆಫ್ ಡನ್ ಎನ್ನುತ್ತಾರೆ: ಒಂದು ಕೆಲಸ ಮುಗಿಯಿತು ಎನ್ನಬೇಕಾದರೆ ಏನೇನು ಆಗಿರಬೇಕು ಎಂದು ಎಲ್ಲರೂ ಸೇರಿ ಮೊದಲೇ ಬರೆದಿಡುವುದು. ಕನ್ನಡದಲ್ಲಿ ಇದು ಎಷ್ಟು ಸಲೀಸೆಂದರೆ ನಮ್ಮ ತಂಡದ ತಮಿಳು, ತೆಲುಗು ಹುಡುಗರೂ ಅದನ್ನು ಕನ್ನಡದಲ್ಲೇ ಕಲಿತರು. ಬರೆದಾಯ್ತು. ಇನ್ನೊಬ್ಬರು ಓದಿಯಾಯ್ತು. ಪರೀಕ್ಷೆಯಾಯ್ತು. ಅಂಗಡಿಯವರು ಬಳಸಿ ನೋಡಿಯಾಯ್ತು. ಬರೀ ಆಯ್ತು ಎಂದರೆ ಯಾರಾದರೂ ನಗುತ್ತ “ಯಾವ ಆಯ್ತು?” ಎಂದು ಕೇಳುತ್ತಿದ್ದರು. ‘ಶೇಕಡ 90 ಮುಗಿದಿದೆ’ ಎಂಬ ಮಾತು ಒಂದೇ ವಾರದಲ್ಲಿ ಮಾಯವಾಯಿತು. ನಾಲ್ಕನೆಯ ಆಯ್ತು ಬರುವವರೆಗೆ ಲೆಕ್ಕದಲ್ಲಿ ಅದು ಸೊನ್ನೆ.

ಇನ್ನು ಬೆಳಗಿನ ಸಭೆ. ಸ್ಕ್ರಮ್ ಎಂಬ ಹೆಸರು ರಗ್ಬಿ ಆಟದ್ದು. ಹಿರೊಟಾಕಾ ತಕೆಯುಚಿ ಮತ್ತು ಇಕುಜಿರೊ ನೊನಾಕಾ ಎಂಬ ಜಪಾನಿನ ಇಬ್ಬರು ವಿದ್ವಾಂಸರು 1986ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದಲ್ಲಿ ಹೊಸ ವಸ್ತುಗಳನ್ನು ರೂಪಿಸುವ ತಂಡಗಳನ್ನು ರಗ್ಬಿ ತಂಡಕ್ಕೆ ಹೋಲಿಸಿದರು. ಒಬ್ಬ ಓಡಿ ಮುಗಿಸಿ ಮುಂದಿನವನಿಗೆ ಕೋಲು ಕೊಡುವ ರಿಲೇ ಓಟದಂತಲ್ಲ, ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಇಡೀ ಗುಂಪು ಒಟ್ಟಿಗೆ ಮುಂದೆ ಸಾಗುವ ರೀತಿ ಅದು. 1995ರಲ್ಲಿ ಕೆನ್ ಶ್ವಾಬರ್ ಮತ್ತು ಜೆಫ್ ಸದರ್ಲೆಂಡ್ ಸ್ಕ್ರಮ್ಮನ್ನು ಸಾಫ್ಟ್‌ವೇರಿನ ಪದ್ಧತಿಯಾಗಿ ಮಂಡಿಸಿದರು. ದಿನದ ಸಭೆ 15 ನಿಮಿಷ ಮೀರಬಾರದು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಏನು ಅಡ್ಡಿ ಇದೆ ಎಂಬ ಮೂರು ಪ್ರಶ್ನೆಗಳು ಬಹುಕಾಲ ಅದರ ಗುರುತಾಗಿದ್ದವು. 2020ರ ಸ್ಕ್ರಮ್ ಕೈಪಿಡಿಯಲ್ಲಿ ಆ ಮೂರು ಪ್ರಶ್ನೆಗಳನ್ನೇ ತೆಗೆದುಹಾಕಿದ್ದಾರೆ.

ತೆಗೆದದ್ದು ಒಳ್ಳೆಯದಾಯಿತು. ಆ ಪ್ರಶ್ನೆಗಳು ನಮ್ಮ ಕಚೇರಿಗಳಿಗೆ ಬರುವಷ್ಟರಲ್ಲಿ ಶಾಲೆಯ ಹಾಜರಿಯಾಗಿಬಿಟ್ಟಿದ್ದವು. ಒಬ್ಬೊಬ್ಬರೂ ಮ್ಯಾನೇಜರ ಕಡೆ ತಿರುಗಿ ಒಪ್ಪಿಸುವುದು, ಉಳಿದವರು ಮೊಬೈಲು ನೋಡುವುದು. ನಾವು ಮಾಡಿದ ಬದಲಾವಣೆ ಸಣ್ಣದು. ಜನರನ್ನು ವಿಚಾರಿಸುವ ಬದಲು ಕೆಲಸವನ್ನು ವಿಚಾರಿಸಲು ಶುರುಮಾಡಿದೆವು. ಗೋಡೆಯ ಮೇಲಿನ ಬೋರ್ಡಿನಲ್ಲಿ ಎಡದಿಂದ ಬಲಕ್ಕೆ ಚೀಟಿಗಳು ಸಾಗುತ್ತವೆ. ಮುಗಿಯಲು ಹತ್ತಿರವಾದದ್ದು ಬಲಗಡೆ ಇರುತ್ತದೆ. ಬಲದಿಂದಲೇ ಆರಂಭಿಸಿ ಒಂದೊಂದು ಚೀಟಿಯ ಮುಂದೆ ನಿಂತು ‘ಇದು ಇವತ್ತು ಒಂದು ಹೆಜ್ಜೆ ಮುಂದೆ ಹೋಗಬೇಕಾದರೆ ಏನು ಬೇಕು?’ ಎಂದಷ್ಟೇ ಕೇಳುವುದು. ನಿಂತುಹೋದದ್ದು ಚೀಟಿ, ಹುಡುಗಿಯಲ್ಲ. ಇಷ್ಟು ವ್ಯತ್ಯಾಸಕ್ಕೇ ಬಾಯಿ ಬಿಡದವರು ಬಾಯಿ ಬಿಟ್ಟರು. ನಾನು ಕೊನೆಯವರೆಗೆ ಮಾತಾಡುತ್ತಿರಲಿಲ್ಲ. ಲೀಡ್ ಆದವರು ಮೊದಲು ಬಾಯಿ ತೆರೆದರೆ ಉಳಿದವರ ಅಭಿಪ್ರಾಯ ಅಲ್ಲಿಗೇ ಮುಗಿಯುತ್ತದೆ.

ಈ ಚೀಟಿಗಳ ಮೂಲ ಕಾರು ಕಾರ್ಖಾನೆ. ಟೊಯೊಟಾದ ತೈಚಿ ಓನೊ ಅಮೆರಿಕದ ಸೂಪರ್ ಮಾರ್ಕೆಟ್ಟುಗಳ ರೀತಿಯಿಂದ ಪ್ರೇರಣೆ ಪಡೆದರು. ಕಪಾಟಿನಿಂದ ಎಷ್ಟು ಮಾಲು ಹೋಯಿತೋ ಅಷ್ಟನ್ನೇ ಮತ್ತೆ ತುಂಬುವುದು. ಕಾರ್ಖಾನೆಯಲ್ಲಿ ಆ ಬೇಡಿಕೆಯನ್ನು ಹೊತ್ತು ತಿರುಗುವ ಚೀಟಿಗೆ ಕಾನ್‌ಬಾನ್ ಎಂದು ಹೆಸರು. ಅಲ್ಲಿಯ ಇನ್ನೊಂದು ಏರ್ಪಾಡು ಆಂಡನ್ ಹಗ್ಗ. ಸಾಲಿನಲ್ಲಿ ನಿಂತ ಯಾವ ಕೆಲಸಗಾರನಿಗೇ ಆಗಲಿ ಏನೋ ಸರಿಯಿಲ್ಲ ಅನಿಸಿದರೆ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ತಂಡದ ನಾಯಕ ಓಡಿ ಬರುತ್ತಾನೆ. ನಿಗದಿತ ಹೊತ್ತಿನೊಳಗೆ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡುವವರು ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆಯನ್ನು ಹಾದುಹೋಗುತ್ತಾರೆ. 1999ರ ಕೊನೆಯಲ್ಲಿ ಅಲ್ಲಿ ಕಾರು ತಯಾರಿಕೆ ಆರಂಭವಾಯಿತು. ಸಾಫ್ಟ್‌ವೇರಿನವರು ಹೊಸತೆಂದು ಹೇಳಿಕೊಳ್ಳುವ ಎಷ್ಟೋ ಸಂಗತಿಗಳು ಕಾರ್ಖಾನೆಯವರಿಗೆ ನಮಗಿಂತ ಮೊದಲೇ ಗೊತ್ತಿದ್ದವು.

ನಮ್ಮ ಬೋರ್ಡಿನಲ್ಲಿ ಹಗ್ಗವಿರಲಿಲ್ಲ, ಒಂದು ಕೆಂಪು ಚೀಟಿ ಇತ್ತು. ಅರ್ಧ ದಿನ ಮುಂದೆ ಸಾಗದಿದ್ದರೆ ಕೆಂಪು ಚೀಟಿ ಅಂಟಿಸಬೇಕು; ಅಂಟಿಸಿದ ಮೇಲೆ ಅದು ಅವರೊಬ್ಬರ ತಲೆನೋವಲ್ಲ, ಎಲ್ಲರದು. ಮೊದಲ ವಾರ ಯಾರೂ ಅಂಟಿಸಲಿಲ್ಲ. ಎರಡನೆಯ ವಾರ ತಂಡದಲ್ಲಿ ಎಲ್ಲರಿಗಿಂತ ಅನುಭವಿಯಾದವರು, ನನ್ನ ಕೋರಿಕೆಯ ಮೇರೆಗೆ, ತಮ್ಮದೊಂದು ಕೆಲಸಕ್ಕೆ ಕೆಂಪು ಚೀಟಿ ಅಂಟಿಸಿ ಎಲ್ಲರೆದುರು ಸಹಾಯ ಕೇಳಿದರು. ಆಮೇಲೆ ಚೀಟಿಗಳಿಗೆ ಬರವಾಗಲಿಲ್ಲ.

ಬೋರ್ಡಿಗೆ ಇನ್ನೊಂದು ನಿಯಮ ಹಾಕಿದೆವು: ಒಮ್ಮೆಗೆ ಕೈಯಲ್ಲಿ ಆರಕ್ಕಿಂತ ಹೆಚ್ಚು ಕೆಲಸ ಇರಕೂಡದು. ಜನ ಒಂಬತ್ತು, ಕೆಲಸ ಆರು. ಮೂವರು ಸುಮ್ಮನೆ ಕೂರುತ್ತಾರಲ್ಲ ಎಂದು ಮೇಲಿನವರಿಗೆ ಸಂಕಟ. ಇದರ ಹಿಂದೆ ಒಂದು ಸರಳ ಗಣಿತವಿದೆ. ಜಾನ್ ಲಿಟ್ಲ್ ಎಂಬ ಗಣಿತಜ್ಞ 1961ರಲ್ಲಿ ಸಾಧಿಸಿ ತೋರಿಸಿದ್ದು. ದರ್ಶಿನಿಯೊಂದಕ್ಕೆ ನಿಮಿಷಕ್ಕೆ ಇಬ್ಬರು ಬರುತ್ತಾರೆ, ಒಬ್ಬೊಬ್ಬರು ಹತ್ತು ನಿಮಿಷ ಇರುತ್ತಾರೆ ಎಂದರೆ ಒಳಗೆ ಸರಾಸರಿ ಇಪ್ಪತ್ತು ಜನ ಇರುತ್ತಾರೆ. ಅದನ್ನೇ ತಿರುಗಿಸಿ ಹಾಕಿ. ವಾರಕ್ಕೆ 3 ಕೆಲಸ ಮುಗಿಸುವ ತಂಡ 12 ಕೆಲಸಗಳನ್ನು ಕೈಗೆತ್ತಿಕೊಂಡಿದ್ದರೆ ಒಂದೊಂದು ಕೆಲಸಕ್ಕೆ ಸರಾಸರಿ 4 ವಾರ. ಅದೇ ವೇಗದಲ್ಲಿ 6 ಕೆಲಸ ಮಾತ್ರ ಹಿಡಿದರೆ 2 ವಾರ. ಯಾರೂ ಹೆಚ್ಚು ದುಡಿಯಬೇಕಿಲ್ಲ, ಶುರು ಮಾಡುವ ಚಪಲ ಬಿಟ್ಟರೆ ಸಾಕು. ‘ಸುಮ್ಮನೆ ಕೂತ’ ಮೂವರು ಇನ್ನೊಬ್ಬರ ಪಕ್ಕ ಕೂತರು. ಹಾವೇರಿಯ ಹುಡುಗಿಯ ಪಕ್ಕವೂ ಒಬ್ಬರು ಕೂತರು. ರಾತ್ರಿ ಒಂದು ಗಂಟೆಯ ಕೋಡು ನಿಂತಿತು.

ಅಂದಾಜು ಕಟ್ಟುವುದು ಇನ್ನೊಂದು ಕಗ್ಗಂಟು. ಎಷ್ಟು ದಿನ ಬೇಕು ಎಂದು ಕೇಳಿದರೆ ನಮ್ಮಲ್ಲಿ ಬಾಸ್ ಮನಸ್ಸಿನಲ್ಲಿರುವ ಸಂಖ್ಯೆಯನ್ನು ಊಹಿಸಿ ಅದನ್ನೇ ಹೇಳುತ್ತಾರೆ. ಅದಕ್ಕೇ 2002ರಲ್ಲಿ ಜೇಮ್ಸ್ ಗ್ರೆನಿಂಗ್ ಎಂಬುವರು ಪ್ಲಾನಿಂಗ್ ಪೋಕರ್ ಎಂಬ ಆಟ ತಂದರು. ಎಲ್ಲರ ಕೈಯಲ್ಲೂ 1, 2, 3, 5, 8, 13 ಇತ್ಯಾದಿ ಎಲೆಗಳು. ಕೆಲಸ ಎಷ್ಟು ದೊಡ್ಡದು ಎಂದು ಪ್ರತಿಯೊಬ್ಬರೂ ಒಂದು ಎಲೆ ಆರಿಸಿ ಮಗುಚಿ ಇಡುತ್ತಾರೆ, ಆಮೇಲೆ ಒಟ್ಟಿಗೇ ತೆರೆಯುತ್ತಾರೆ. ಹಿರಿಯರನ್ನು ನೋಡಿ ಕಿರಿಯರು ಬದಲಿಸಲು ಅವಕಾಶವೇ ಇಲ್ಲ.

ಈ ಸಂಖ್ಯೆಗಳನ್ನು ಲೋಕ ಫಿಬೊನಾಚಿ ಶ್ರೇಣಿ ಎಂದು ಕರೆಯುತ್ತದೆ. ಆತನ ಪುಸ್ತಕ 1202ರದು. ಅದಕ್ಕೂ ಮೊದಲೇ ನಮ್ಮ ಛಂದಶ್ಶಾಸ್ತ್ರಜ್ಞರಾದ ವಿರಹಾಂಕ, ಹೇಮಚಂದ್ರರು ಇದನ್ನು ಬಲ್ಲರು. ಇಷ್ಟು ಮಾತ್ರೆಯಲ್ಲಿ ಲಘು ಗುರುಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದು ಎಂಬುದು ಅವರ ಪ್ರಶ್ನೆ. ಒಂದು ಮಾತ್ರೆಗೆ 1, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5. ಕಂದಪದ್ಯಕ್ಕೆ ಪ್ರಸ್ತಾರ ಹಾಕಿದವರು ನಾಲ್ಕು ಮಾತ್ರೆಯ ಆ ಐದು ಗಣಗಳನ್ನು ಬೆರಳಲ್ಲಿ ಎಣಿಸಿಯೇ ಇರುತ್ತಾರೆ. ಔಷಧದಂಗಡಿಯ ಮಾತ್ರೆಗೆ ಸಾಫ್ಟ್‌ವೇರ್ ಬರೆಯುತ್ತ ಛಂದಸ್ಸಿನ ಮಾತ್ರೆಯ ಲೆಕ್ಕದ ಎಲೆ ಹಿಡಿದು ಕೂತಿದ್ದೇವೆ ಎಂದು ನಾನು ಹೇಳಿದಾಗ ತಂಡದವರು ಸೌಜನ್ಯಕ್ಕೆ ನಕ್ಕರು.

ಆಟದ ನಿಜವಾದ ಲಾಭ ಸಂಖ್ಯೆಯಲ್ಲಿಲ್ಲ, ವ್ಯತ್ಯಾಸದಲ್ಲಿದೆ. ಬಿಲ್ಲು ಮುದ್ರಿಸುವ ಕೆಲಸಕ್ಕೆ ಎಲ್ಲರೂ 3 ಇಟ್ಟರೆ ಪರೀಕ್ಷೆ ಮಾಡುವಾಕೆ 13 ಇಟ್ಟಿದ್ದಳು. ಯಾಕೆಂದು ಕೇಳಿದರೆ, 31 ಅಂಗಡಿಗಳಲ್ಲಿ ನಾಲ್ಕೈದು ಬಗೆಯ ಪ್ರಿಂಟರುಗಳಿವೆ, ಕೆಲವು ಕಡೆ ಇನ್ನೂ ಹಳೆಯ ಡಾಟ್ ಮ್ಯಾಟ್ರಿಕ್ಸ್ ಕಿರುಗುಟ್ಟುತ್ತಿದೆ ಎಂದಳು. ಅಂಗಡಿಗಳಿಗೆ ಹೋಗಿ ಬಂದಿದ್ದವಳು ಅವಳೊಬ್ಬಳೇ. ಆ 13 ತಂಡದ ಎರಡು ವಾರ ಉಳಿಸಿತು. ಇದೇ ಸಂಖ್ಯೆಗಳನ್ನು ಕೂಡಿಸಿ ತಂಡ ತಂಡಗಳನ್ನು ಹೋಲಿಸುವ ಕಚೇರಿಯನ್ನೂ ನೋಡಿದ್ದೇನೆ. ಆ ತಂಡ 60 ಅಂಕ ಮಾಡಿದೆ, ನಿಮ್ಮದೇಕೆ 35 ಎಂದು ಮೇಲಿನವರು ಕೇಳಿದ ಮರುವಾರವೇ ಎಲ್ಲ 3ಗಳೂ 5 ಆಗುತ್ತವೆ. ಕೆಲಸ ಅಷ್ಟೇ, ರೂಪಾಯಿಯ ಬೆಲೆ ಇಳಿದ ಹಾಗೆ ಅಂಕದ ಬೆಲೆ ಇಳಿಯುತ್ತದೆ.

ಎರಡು ವಾರಕ್ಕೊಮ್ಮೆ ಹಿಂದಿರುಗಿ ನೋಡುವ ಸಭೆ, ರೆಟ್ರೊಸ್ಪೆಕ್ಟಿವ್. ಈ ಬಗ್ಗೆ ಪುಸ್ತಕ ಬರೆದ ನಾರ್ಮ್ ಕರ್ತ್ ಅವರ ಮೂಲ ನಿಯಮದ ಭಾವ ಹೀಗಿದೆ: ಆ ಹೊತ್ತಿನಲ್ಲಿ ತಿಳಿದಿದ್ದಷ್ಟು, ಕೈಲಿದ್ದಷ್ಟು ಬಳಸಿ ಎಲ್ಲರೂ ತಮ್ಮ ಕೈಲಾದಷ್ಟು ಒಳ್ಳೆಯದನ್ನೇ ಮಾಡಿದ್ದಾರೆ ಎಂದು ನಂಬಿ ಮಾತು ಶುರುಮಾಡಬೇಕು. ಕೇಳಲು ಸುಲಭ, ನಡೆಸಲು ಕಷ್ಟ. ಹಿರಿಯರೆದುರು ತಪ್ಪು ಎತ್ತಿ ಆಡಬಾರದೆಂದು ಬೆಳೆದವರು ನಾವು. ಅದಕ್ಕೇ ನಾವು ಬಾಯಲ್ಲಿ ಹೇಳುವ ಮೊದಲು ಹೆಸರಿಲ್ಲದ ಚೀಟಿಯಲ್ಲಿ ಬರೆಯುತ್ತಿದ್ದೆವು. ಡಿಸೆಂಬರಿನ ಒಂದು ಸಭೆಯಲ್ಲಿ ಒಂದು ಚೀಟಿ ಬಂತು: ‘ರಾತ್ರಿ 9ರ ಕಾಲ್. ಪಿಜಿ ಗೇಟ್ 10ಕ್ಕೆ ಮುಚ್ಚುತ್ತದೆ.’

ವಾರಕ್ಕೆ ಎರಡು ದಿನ ಅಂಗಡಿಯವರ ಜೊತೆ ರಾತ್ರಿ ಒಂಬತ್ತಕ್ಕೆ ಮಾತುಕತೆ ಇಡುತ್ತಿದ್ದದ್ದು ಅವರಿಗೆ ಅನುಕೂಲವೆಂದು. ಮೀಟಿಂಗ್ ರೂಮಿನಿಂದಲೇ ಸೇರಬೇಕೆಂಬ ಪದ್ಧತಿಯೂ ಇತ್ತು. ಮರುದಿನ ಅಂಗಡಿಯವರನ್ನೇ ಕೇಳಿದೆವು. “ಮೇಡಂ, ಒಂಬತ್ತು ಅಂದ್ರೆ ನಮಗೆ ಅಂಗಡಿ ತುಂಬಾ ಜನ. ಮಧ್ಯಾಹ್ನ ಮೂರಕ್ಕೆ ನೊಣ ಹೊಡೀತಾ ಕೂತಿರ್ತೀವಿ” ಎಂದರು. ಏಳು ತಿಂಗಳು ಎರಡೂ ಕಡೆಯವರು ಪರಸ್ಪರರಿಗೆ ಅನುಕೂಲವಾಗಲೆಂದು ಕಷ್ಟಪಟ್ಟಿದ್ದರು. ಸಭೆ ಮೂರು ಗಂಟೆಗೆ ಬಂತು. ಚೀಟಿ ಬರೆದವರು ಯಾರೆಂದು ಯಾರೂ ಕೇಳಲಿಲ್ಲ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ ಕೊಟ್ಟ ವಿಷಯ.

ಇವೆಲ್ಲ ತಂಡದೊಳಗಿನ ಮಾತು. ನಿಜವಾದ ಪರೀಕ್ಷೆ ಬಂದದ್ದು ಜನವರಿಯಲ್ಲಿ. ಬೋರ್ಡು ಈಗ ಸುಳ್ಳು ಹೇಳುತ್ತಿರಲಿಲ್ಲವಾದ್ದರಿಂದ ಲೆಕ್ಕ ಸ್ಪಷ್ಟವಾಗಿತ್ತು. ಏಪ್ರಿಲ್ 1ಕ್ಕೆ ಬಿಲ್ಲಿಂಗ್ ಮತ್ತು ದಾಸ್ತಾನು ಬರುತ್ತದೆ, ವಾಪಸಾತಿ ಬರುವುದಿಲ್ಲ. ಮೇಲಿನವರ ಜೊತೆ ಸಭೆ. ಎಲ್ಲರೂ ನೆಲ ನೋಡುತ್ತಿದ್ದರು. ಹಾವೇರಿಯ ಹುಡುಗಿ ಹೇಳಿದಳು: “ಸರ್, ವಾಪಸಾತಿ ಏಪ್ರಿಲ್‌ಗೆ ಆಗೂದಿಲ್ರಿ. ಜೂನ್‌ಗೆ ಆಗ್ತೈತಿ.” ದನಿ ಸಣ್ಣಗಿತ್ತು, ನಡುಗಲಿಲ್ಲ.

ಇನ್ನೂ ನಾಲ್ಕು ಜನ ಕೊಡುತ್ತೇವೆ, ಆಗುತ್ತಾ ಎಂದು ಅವರು ಕೇಳಿದರು. ಬ್ರೂಕ್ಸ್ ಪುಸ್ತಕದ ಅತ್ಯಂತ ಪ್ರಸಿದ್ಧ ಮಾತು ಇದರ ಬಗ್ಗೆಯೇ: ತಡವಾದ ಯೋಜನೆಗೆ ಜನ ಸೇರಿಸಿದರೆ ಇನ್ನಷ್ಟು ತಡವಾಗುತ್ತದೆ. ನಾನು ಹಲಗೆಯ ಮೇಲೆ ಲೆಕ್ಕ ಬರೆದೆ. 9 ಜನರಿದ್ದರೆ ಇಬ್ಬಿಬ್ಬರ ನಡುವಿನ ಸಂಪರ್ಕಗಳು 36. 13 ಜನರಾದರೆ 78. ಹೊಸಬರಿಗೆ ಕಲಿಸಬೇಕಾದವರೂ ಈಗ ಕೆಲಸ ಮಾಡುತ್ತಿರುವವರೇ. ಚರ್ಚೆ ಒಂದೂವರೆ ಗಂಟೆ ನಡೆಯಿತು. ಕೊನೆಗೆ ಗಿರಾಕಿಗೆ ಅಂದೇ ತಿಳಿಸುವುದೆಂದಾಯಿತು. ಅವರು ಸಿಟ್ಟಾದರು, ಒಂದು ಕಂತಿನ ಹಣ ಜೂನಿನವರೆಗೆ ತಡೆಹಿಡಿದರು. ಆದರೆ ತಿಳಿದದ್ದು ಜನವರಿಯಲ್ಲಾದ್ದರಿಂದ ವಾಪಸಾತಿಗೆ ಹಳೆಯ ರಿಜಿಸ್ಟರನ್ನೇ ಮೂರು ತಿಂಗಳು ಮುಂದುವರಿಸಲು ಅವರಿಗೆ ಸಮಯ ಸಿಕ್ಕಿತು. ಮಾರ್ಚ್ 30ರಂದು ತಿಳಿದಿದ್ದರೆ 31 ಅಂಗಡಿಗಳ ಕೌಂಟರಿನಲ್ಲಿ ನಿಂತ ಹುಡುಗರು ಗಿರಾಕಿಗಳಿಂದ ಬೈಸಿಕೊಳ್ಳುತ್ತಿದ್ದರು.

ವಾಪಸಾತಿಯ ನಾಲ್ಕನೆಯ ಆಯ್ತು ಜೂನ್ ಎರಡನೆಯ ವಾರ ಬಂತು. ಹುಡುಗಿ ಬಿ.ಎಡ್‌ಗೆ ಹೋಗಲಿಲ್ಲ. ಹೋಗಿದ್ದರೆ ಒಳ್ಳೆಯ ಮೇಡಂ ಆಗುತ್ತಿದ್ದಳು, ಆ ಮಾತು ಬೇರೆ. ಈಗ ಇನ್ನೊಂದು ಊರಿನಲ್ಲಿ ತಾನೇ ಐದು ಜನರ ತಂಡ ನಡೆಸುತ್ತಾಳೆ.

ತಂಡ ನಡೆಸಲು ಹೊಸದಾಗಿ ಹೊರಟವರು ಯಾವ ಸಾಧನ ಕೊಳ್ಳಬೇಕು, ಯಾವ ಸರ್ಟಿಫಿಕೇಟು ಮಾಡಬೇಕು ಎಂದು ನನ್ನನ್ನು ಕೇಳುವುದುಂಟು. ಚೀಟಿ, ಗೋಡೆ, ಎಲೆಗಳು ಯಾವುದಾದರೂ ನಡೆಯುತ್ತದೆ. ಹೊಸ ತಂಡಕ್ಕೆ ಹೋದಾಗ ನಾನು ಗಮನಿಸುವುದು ಎರಡೇ ಸಂಗತಿ. ಯಾರಾದರೊಬ್ಬರು ಎಲ್ಲರೆದುರು ‘ನನಗಿದು ಗೊತ್ತಾಗುತ್ತಿಲ್ಲ’ ಎನ್ನಲು ಎಷ್ಟು ದಿನ ಹಿಡಿಯಿತು ಎಂಬುದು ಒಂದು. ಹಾಗೆಂದಾಗ ಕೋಣೆಯಲ್ಲಿರುವ ಅತ್ಯಂತ ಹಿರಿಯರು ಕುರ್ಚಿ ಎಳೆದುಕೊಂಡು ಅವರ ಪಕ್ಕಕ್ಕೆ ಹೋದರೋ, ಗಡಿಯಾರ ನೋಡಿಕೊಂಡರೋ ಎಂಬುದು ಇನ್ನೊಂದು.